ಒಂದೇ ಕೋಣೆ, ಮೂರು ಕಸುಬು

ಮಾರುವ ಮೊದಲು ಮನೆಯನ್ನು ಸಜ್ಜು ಮಾಡುವ ಸ್ಟೇಜಿಂಗ್ ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಒಂದು ಕಟ್ಟು ರಟ್ಟಿನ ಪೆಟ್ಟಿಗೆ, ಒಂದು ಸುರುಳಿ ಅಗಲದ ಟೇಪು ಕೊಟ್ಟರು. ಮಾರಾಟಕ್ಕಿಟ್ಟ ಮನೆ ಅದು. ಜನ ಇನ್ನೂ ಅದರೊಳಗೇ ವಾಸವಾಗಿದ್ದರು. ಗೋಡೆಯ ಮೇಲಿನ ಮನೆಮಂದಿಯ ಫೋಟೊ, ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿಗಳು, ಮಕ್ಕಳ ಆಟದ ಸಾಮಾನು, ಬೀರುವಿನ ಅರ್ಧ ಬಟ್ಟೆ, ಹಾಲ್‌ನಲ್ಲಿದ್ದ ಎರಡನೇ ಸೋಫಾ, ಎಲ್ಲ ಆಚೆ ಹೋಗಬೇಕಿತ್ತು. ಸಂಜೆವರೆಗೂ ತುಂಬಿದ್ದೇ ತುಂಬಿದ್ದು. ಮನೆ ಚೆಂದ ಮಾಡೋದು ಕಲಿಯೋಣ ಅಂತ ಬಂದ ನನಗೆ ಇದ್ಯಾವ ಸಾಮಾನು ಸಾಗಿಸೋ ಕೆಲಸಪ್ಪಾ ಅನ್ನಿಸಿತು.

ಡಿಗ್ರಿ ಇಲ್ಲದೆ ಈ ಲೈನಿಗೆ ಬರಲು ನನಗೆ ಸಿಕ್ಕ ದಾರಿ ಅದೊಂದೇ. ಆಮೇಲೆ ಮನೆಗೆ ಬಣ್ಣ, ಬಟ್ಟೆ, ಸಾಮಾನು ಹೊಂದಿಸಿಕೊಡುವ ಒಬ್ಬ ಡೆಕೊರೇಟರ್ ಹತ್ತಿರ ಸಹಾಯಕ್ಕೆ ನಿಂತೆ. ಅದಾದ ಮೇಲೆ ಇಂಟೀರಿಯರ್ ಡಿಸೈನ್ ಓದಿ, ಈಗ ಅದೇ ಕೆಲಸದಲ್ಲಿದ್ದೇನೆ. ಇದನ್ನು ಹೇಳಿದ ತಕ್ಷಣ ಜನ "ಓ, ಮೇಲೆ ಮೇಲೆ ಬಂದಿರಿ" ಅನ್ನುತ್ತಾರೆ. ಮೂರೂ ಒಂದೇ ಏಣಿಯ ಮೆಟ್ಟಿಲು ಅಂತ ಅವರ ಎಣಿಕೆ. ನನಗೆ ಹಾಗೆ ಕಂಡಿಲ್ಲ. ಮೂರು ಕಡೆಯೂ ಅದೇ ಕೋಣೆ, ಅದೇ ಸೋಫಾ, ಅದೇ ದೀಪ. ಆದರೆ ಯಾರಿಗೋಸ್ಕರ, ಎಷ್ಟು ದಿನಕ್ಕೋಸ್ಕರ ಅನ್ನೋದು ಬದಲಾದರೆ ಕೆಲಸವೇ ಬೇರೆಯಾಗುತ್ತದೆ.

ಸ್ಟೇಜಿಂಗ್‌ನಲ್ಲಿ ನಾವು ಯಾರಿಗೋಸ್ಕರ ದುಡಿಯುತ್ತೇವೋ ಅವರ ಮುಖವನ್ನೇ ನೋಡಿರುವುದಿಲ್ಲ. ದುಡ್ಡು ಕೊಡುವವರು ಮಾಲೀಕರೋ ಏಜೆಂಟರೋ ಆಗಿರುತ್ತಾರೆ. ಮೆಚ್ಚಬೇಕಾದವರು ಮಾತ್ರ ಮುಂದೆ ಎಂದೋ ಬಾಗಿಲು ತೆಗೆದು ಒಳಗೆ ಬರುವ ಯಾರೋ. ಈ ಕಸುಬಿಗೆ ರೂಪ ಕೊಟ್ಟ ಹೆಸರು ಸಾಮಾನ್ಯವಾಗಿ ಅಮೆರಿಕದ ಬಾರ್ಬ್ ಶ್ವಾರ್ಜ್ ಅವರಿಗೆ ಸಲ್ಲುತ್ತದೆ. 1970ರ ದಶಕದ ಶುರುವಿನಲ್ಲಿ ಅವರು ವಾಷಿಂಗ್ಟನ್ ರಾಜ್ಯದಲ್ಲಿ ಮನೆ ಮಾರಿಕೊಡುವ ಏಜೆಂಟ್ ಆಗಿದ್ದರು. ನಾಟಕಕ್ಕೆ ರಂಗ ಸಜ್ಜು ಮಾಡುವ ಹಾಗೆ ಮಾರಾಟಕ್ಕೆ ಮೊದಲು ಮನೆಯನ್ನೂ ಸಜ್ಜು ಮಾಡೋಣ ಅಂತ ಮಾಲೀಕರನ್ನು ಒಪ್ಪಿಸತೊಡಗಿದರು.

ನನಗೆ ಕಲಿಸಿದ ಮೇಡಂ ಯಾವ ಕೋಣೆಗೆ ಹೋದರೂ ಮೊದಲು ಬಾಗಿಲಲ್ಲೇ ನಿಲ್ಲುತ್ತಿದ್ದರು. ಫೋನ್ ಕ್ಯಾಮೆರಾ ತೆಗೆದು ಎದೆಯ ಎತ್ತರಕ್ಕೆ ಹಿಡಿದು ನೋಡುತ್ತಿದ್ದರು. ಈಗ ಕೊಳ್ಳುವವರು ಮನೆಯನ್ನು ಮೊದಲು ನೋಡೋದು ಫೋಟೊದಲ್ಲೇ ಅಲ್ವಾ? ಫೋಟೊದಲ್ಲಿ ನೆಲ ಎಷ್ಟು ಕಂಡರೆ ಕೋಣೆ ಅಷ್ಟು ದೊಡ್ಡದು. ಆದ್ದರಿಂದ ನಮ್ಮ ಗೋಡೌನ್‌ನಲ್ಲಿದ್ದ ಸೋಫಾಗಳಿಗೆಲ್ಲ ತೆಳ್ಳಗಿನ ಉದ್ದ ಕಾಲು. ಕೆಳಗಿನ ನೆಲ ಕಾಣಲಿ ಅಂತ. ಕುರ್ಚಿಗಳಿಗೆ ಕೈ ಇರಲಿಲ್ಲ. ಮಂಚಗಳ ಗುಟ್ಟು ಕೇಳಿದರೆ ನಗ್ತೀರಿ. ಸುಮಾರು ಮನೆಗಳಲ್ಲಿ ಅಲ್ಲಿ ಮಂಚವೇ ಇರುತ್ತಿರಲಿಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ, ಮೇಲೆ ಗಾಳಿ ತುಂಬಿದ ಹಾಸಿಗೆ ಇಟ್ಟು, ದಪ್ಪ ಹೊದಿಕೆ ಎಳೆದು, ದಿಂಬು ಜೋಡಿಸುತ್ತಿದ್ದೆವು. ಯಾರೂ ಮಲಗೋದಿಲ್ಲವಲ್ಲ!

ಬೀರುಗಳನ್ನು ಅರ್ಧ ಖಾಲಿ ಮಾಡೋದು ಯಾಕೆ ಅಂತ ಆಮೇಲೆ ಅರ್ಥವಾಯಿತು. ನೋಡಲು ಬಂದವರು ಎಲ್ಲ ಬಾಗಿಲನ್ನೂ ತೆಗೆದು ನೋಡುತ್ತಾರೆ. ಒಳಗೆ ತುಂಬಿ ತುಳುಕುತ್ತಿದ್ದರೆ "ಈ ಮನೆಯಲ್ಲಿ ಸಾಮಾನಿಡಲು ಜಾಗ ಸಾಲದು" ಅನ್ನೋ ಲೆಕ್ಕ ತಲೆಯೊಳಗೆ ನಡೆದೇಬಿಡುತ್ತದೆ. ಇನ್ನೊಂದು ನಿಯಮ, ಒಂದು ಕೋಣೆಗೆ ಒಂದೇ ಕೆಲಸ. ಇಸ್ತ್ರಿ ಮೇಜು, ಹಳೇ ಸೈಕಲ್, ಒಡೆದ ಫ್ಯಾನ್ ತುಂಬಿದ್ದ ಚಿಕ್ಕ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ ಇಟ್ಟರೆ ಸಾಕು, ಅದು ಓದುವ ಕೋಣೆ. ಅಳತೆ ಒಂದಿಂಚೂ ಬದಲಾಗಿಲ್ಲ.

ಒಂದು ಮನೆಯಲ್ಲಿ ಕೆಲಸ ಮುಗಿದ ಮೇಲೆ ಅಜ್ಜಿಯೊಬ್ಬರು ಹಾಲ್‌ಗೆ ಬಂದು ಸುತ್ತ ನೋಡಿದರು. "ಏನಮ್ಮಾ ಇದು, ನನ್ನ ಮನೆ ನನಗೇ ಗುರುತು ಸಿಗ್ತಿಲ್ವಲ್ಲ" ಅಂದರು. ಮೇಡಂ ಅವರ ಕೈ ಹಿಡಿದು, "ಅಜ್ಜಿ, ಬರೋರಿಗೆ ಇದು ಅವರ ಮನೆ ಅನ್ನಿಸಬೇಕಲ್ಲ, ಅದಕ್ಕೇ" ಅಂದರು. ಅಜ್ಜಿಗೆ ಸಮಾಧಾನವಾಗಲಿಲ್ಲ. ಆಗಬೇಕಾದ್ದೂ ಇಲ್ಲ ಅನ್ನಿಸುತ್ತದೆ. ಸ್ಟೇಜಿಂಗ್ ಮಾಡುವವರಿಗೆ ಈ ಮಾತು ಹೊಗಳಿಕೆ. ಡೆಕೊರೇಟರ್‌ಗೂ ಡಿಸೈನರ್‌ಗೂ ಇದೇ ಮಾತು ಬಯ್ಗುಳ.

ಎಲ್ಲಿಯವರೆಗೆ ಸಜ್ಜು, ಎಲ್ಲಿಂದ ಮೋಸ ಅನ್ನೋ ಪ್ರಶ್ನೆಯೂ ಇಲ್ಲಿ ಬರುತ್ತದೆ. ತೇವ ಹತ್ತಿದ ಗೋಡೆಯ ಮುಂದೆ ಬೀರು ಇಟ್ಟುಬಿಡಿ ಅಂತ ಒಬ್ಬ ಮಾಲೀಕರು ಕೇಳಿಕೊಂಡರು. ಮೇಡಂ ಒಪ್ಪಲಿಲ್ಲ. ಮನೆಯಲ್ಲಿ ತನಗೆ ಗೊತ್ತಿರುವ ಕೊರತೆಯನ್ನು ಮಾರುವವರು ಹೇಳಲೇಬೇಕು ಅಂತ ಎಷ್ಟೋ ಕಡೆ ಕಾನೂನೇ ಇದೆ. ಮುಚ್ಚಿಡುವುದಕ್ಕೆ ಕೈ ಜೋಡಿಸಿದರೆ ನಮಗೂ ತೊಂದರೆ. ಖಾಲಿ ಕೋಣೆಯ ಫೋಟೊಗೆ ಕಂಪ್ಯೂಟರ್‌ನಲ್ಲಿ ಸೋಫಾ, ಪರದೆ ಕೂರಿಸುವ ವರ್ಚುವಲ್ ಸ್ಟೇಜಿಂಗ್‌ಗೂ ಅದೇ ಮಾತು. ಸೋಫಾ ಕೂರಿಸಿ, ಪರವಾಗಿಲ್ಲ. ಆದರೆ ಅದು ಕಂಪ್ಯೂಟರ್ ಚಿತ್ರ ಅಂತ ಫೋಟೊದ ಮೇಲೇ ಬರೆಯಿರಿ. ಗೋಡೆಯ ಬಿರುಕನ್ನು ಅಳಿಸಿಹಾಕಬೇಡಿ.

ಮನೆ ಮಾರಾಟವಾದರೆ ನಮ್ಮ ವ್ಯಾನ್ ಹೋಗಿ ಎಲ್ಲವನ್ನೂ ತುಂಬಿಕೊಂಡು ಬರುತ್ತಿತ್ತು. ಸಾಮಾನಿಗೆ ತಿಂಗಳ ಬಾಡಿಗೆ. ಅವಧಿ ಮುಗಿದರೆ ಮುಂದುವರಿಸೋದು, ಕಲೆಯಾದರೆ ಯಾರು ಕೊಡಬೇಕು, ಎಲ್ಲ ಕರಾರಿನಲ್ಲೇ ಇರುತ್ತಿತ್ತು. ಸೋಮವಾರ ಒಂದು ಮನೆಯಿಂದ ಬಿಚ್ಚಿದ ಸೋಫಾ ಬುಧವಾರ ಇನ್ನೊಂದು ಮನೆಯ ಹಾಲ್‌ನಲ್ಲಿ. ಇಷ್ಟು ಬೇಗ, ಇಷ್ಟು ಕಡಿಮೆ ಸಾಮಾನಲ್ಲಿ ಒಂದು ಮನೆಯ ಮುಖ ಬದಲಾಯಿಸಬಲ್ಲವರನ್ನು ಡಿಸೈನ್ ಆಫೀಸುಗಳಲ್ಲಿ ನಾನು ಕಂಡಿಲ್ಲ. ಸ್ಟೇಜಿಂಗ್ ಅಂದರೆ ಕೆಳಗಿನ ಮೆಟ್ಟಿಲು ಅನ್ನುವವರ ಜೊತೆ ನನ್ನ ತಕರಾರು ಇದೇ.

ಡೆಕೊರೇಟರ್ ಹತ್ತಿರ ಹೋದ ಮೇಲೆ ಕಲಿತದ್ದನ್ನೆಲ್ಲ ಮಗುಚಿ ಹಾಕಬೇಕಾಯಿತು. ಅವರ ಮೊದಲ ಭೇಟಿಯಲ್ಲಿ ಸಾಮಾನು ಮುಟ್ಟುವ ಮಾತೇ ಇಲ್ಲ. ಕೂತು ಕೇಳುತ್ತಿದ್ದರು. ರಾತ್ರಿ ಓದೋರು ಯಾರು? ಹಾಸಿಗೆಯ ಯಾವ ಮಗ್ಗುಲಲ್ಲಿ ಮಲಗ್ತಾರೆ? ನಾಯಿ ಸೋಫಾ ಹತ್ತುತ್ತಾ? ಯಾವ ಸಾಮಾನು ಬಿಸಾಡಿದರೆ ಮನೆಯಲ್ಲಿ ಜಗಳ ಆಗತ್ತೆ? ಕೊನೆಯ ಪ್ರಶ್ನೆಗೆ ಜನ ಮೊದಲು ನಗುತ್ತಿದ್ದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ಉತ್ತರದಲ್ಲೇ ಕೋಣೆ ಇರುತ್ತದೆ ಅನ್ನೋದು ಅವರ ನಂಬಿಕೆ. ನಾನು ಪೆಟ್ಟಿಗೆಗೆ ತುಂಬುತ್ತಿದ್ದ ಫೋಟೊಗಳಿಗೆ ಇಲ್ಲಿ ಇಡೀ ಗೋಡೆ. ಯಾರಿಗೂ ಬೇಸರ ತರದ ತಿಳಿ ಬಣ್ಣಗಳನ್ನು ನಾನು ತೋರಿಸಿದಾಗಲೆಲ್ಲ, "ಇದು ಯಾರ ಬಣ್ಣ?" ಅಂತ ಕೇಳುತ್ತಿದ್ದರು. ಯಾರದೂ ಅಲ್ಲದ ಬಣ್ಣ ಅಲ್ಲಿ ಉಪಯೋಗಕ್ಕೆ ಬರುತ್ತಿತ್ತು, ಇಲ್ಲಿ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ಅವರ ತಾಳ್ಮೆ ನನಗೆ ಇನ್ನೂ ಬಂದಿಲ್ಲ. ಅಂಗೈಯಗಲದ ಕಾರ್ಡ್ ನೋಡಿ ಬಣ್ಣ ಆರಿಸೋದನ್ನು ಅವರು ಒಪ್ಪುತ್ತಿರಲಿಲ್ಲ. ದೊಡ್ಡ ಹಲಗೆಗೆ ಎರಡು ಕೋಟ್ ಹೊಡೆದು, ಅದನ್ನು ಗೋಡೆಯಿಂದ ಗೋಡೆಗೆ ಸರಿಸುತ್ತಾ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ ನೋಡಬೇಕು. ಬಲ್ಬಿನ ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಅನ್ನೋದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700 ಕೆಲ್ವಿನ್‌ನ ಹಳದಿ ಬೆಳಕಲ್ಲಿ ಬೆಚ್ಚಗೆ ಕಂಡ ಬೂದು ಬಣ್ಣ 4000 ಕೆಲ್ವಿನ್‌ನ ಬೆಳಕಲ್ಲಿ ನೀಲಿಗೆ ತಿರುಗಿಬಿಡುತ್ತದೆ. ಅಂಗಡಿಯ ದೀಪದಡಿ ಒಂದೇ ಅನ್ನಿಸಿದ ಎರಡು ಬಟ್ಟೆ ಮನೆಗೆ ತಂದರೆ ಬೇರೆ ಬೇರೆ. ಬಲ್ಬು ಕೊಳ್ಳುವಾಗ ವ್ಯಾಟ್ ಮಾತ್ರ ನೋಡದೆ ಬಣ್ಣ ತೋರಿಸುವ ಗುಣ, ಅಂದರೆ ಸಿಆರ್‌ಐ, 90ರ ಮೇಲಿದೆಯಾ ಅಂತ ನೋಡೋದನ್ನು ಅಲ್ಲೇ ಕಲಿತೆ.

ಬಟ್ಟೆಯದು ಇನ್ನೊಂದು ಲೋಕ. ಸೋಫಾ ಬಟ್ಟೆ ಎಷ್ಟು ಉಜ್ಜಿದರೆ ಸವೆಯುತ್ತದೆ ಅಂತ ಅಳೆಯಲು ಮಾರ್ಟಿಂಡೇಲ್ ಅನ್ನುವ ಪರೀಕ್ಷೆ ಇದೆ. ಮನೆಯಲ್ಲಿ ದಿನಾ ಕೂರುವ ಸೋಫಾಗೆ 20,000ದಿಂದ 25,000 ಸುತ್ತು ತಡೆಯುವ ಬಟ್ಟೆ ಆದೀತು. ಪರದೆಗೆ ಕಿಟಕಿಯ ಅಗಲದ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಬೇಕು. ಇಲ್ಲದಿದ್ದರೆ ನೆರಿಗೆ ನಿಲ್ಲದೆ ಬೆಡ್‌ಶೀಟ್ ಕಟ್ಟಿದ ಹಾಗೆ ಕಾಣುತ್ತದೆ. ದೊಡ್ಡ ಹೂವಿನ ಡಿಸೈನ್ ಇದ್ದರೆ ಒಂದು ಪಟ್ಟಿಯ ಹೂವು ಪಕ್ಕದ ಪಟ್ಟಿಗೆ ಕೂಡಿಬರಲು ಇನ್ನೂ ಜಾಸ್ತಿ. ಒಮ್ಮೆ ಬಟ್ಟೆ ಸಾಲದೆ ಅದೇ ನಂಬರಿನದನ್ನು ಮತ್ತೆ ತರಿಸಿದೆವು. ಬೇರೆ ಸಲ ಬಣ್ಣ ಹಾಕಿದ ಥಾನಿನದು ಬಂತು. ನೆರಳಲ್ಲಿ ಗೊತ್ತಾಗಲಿಲ್ಲ. ಕಿಟಕಿಗೆ ಹಾಕಿದ ಕೂಡಲೇ ಒಂದು ಪಟ್ಟಿ ಬೇರೆಯಾಗಿ ಎದ್ದು ಕಂಡಿತು. ಕಳಿಸಿದವರು "ನಂಬರ್ ಒಂದೇ ಇದೆಯಲ್ಲ" ಅಂತ ಕೈ ತೊಳೆದುಕೊಂಡರು. ಡೆಕೊರೇಟರ್ ತಮ್ಮ ಕೈಯಿಂದ ಹಾಕಿ ಪೂರ್ತಿ ಬದಲಾಯಿಸಿದರು.

ಈ ಕಸುಬಿಗೂ ಓದು, ಪರೀಕ್ಷೆ, ಲೈಸೆನ್ಸ್ ಬೇಕಿಲ್ಲ. ನ್ಯೂಯಾರ್ಕಿನ ಎಲ್ಸಿ ಡಿ ವುಲ್ಫ್ ಮೊದಲು ನಾಟಕದ ನಟಿ. 1907ರಲ್ಲಿ ತೆರೆದ ಕಾಲೊನಿ ಕ್ಲಬ್ ಎಂಬ ಹೆಂಗಸರ ಕ್ಲಬ್ಬನ್ನು ಒಳಗಿನಿಂದ ಸಜ್ಜು ಮಾಡಿ ಹೆಸರಾದರು. ಆ ಕಾಲದ ದಪ್ಪ ಪರದೆ, ಕಪ್ಪು ಮರ, ಕತ್ತಲ ಕೋಣೆಗಳನ್ನು ಬಿಟ್ಟು ತಿಳಿ ಬಣ್ಣ, ಬೆಳಕು, ಹೂವಿನ ಹತ್ತಿ ಬಟ್ಟೆ ತಂದರು. ಅವರಿಗೂ ಡಿಗ್ರಿ ಇರಲಿಲ್ಲ. ಕಣ್ಣು ಇತ್ತು.

ದುಡ್ಡಿನ ಲೆಕ್ಕ ಇಲ್ಲಿ ಸ್ವಲ್ಪ ಮಸುಕು. ಕೆಲವರು ಗಂಟೆಗಿಷ್ಟು ಅಂತ ತೆಗೆದುಕೊಳ್ಳುತ್ತಾರೆ, ಕೆಲವರು ಇಡೀ ಕೆಲಸಕ್ಕಿಷ್ಟು ಅನ್ನುತ್ತಾರೆ. ಇನ್ನು ಕೆಲವರು ಕಡಿಮೆ ದರದಲ್ಲಿ ಸಾಮಾನು ತರಿಸಿ, ಮೇಲೆ ತಮ್ಮ ಪಾಲು ಸೇರಿಸಿ ಮಾರುತ್ತಾರೆ. ಯಾವುದೂ ತಪ್ಪಲ್ಲ. ಆದರೆ ಮೂರನೆಯದನ್ನು ಮೊದಲೇ ಹೇಳದಿದ್ದರೆ ಕೊನೆಗೆ ಜಗಳವೇ. ನಮ್ಮವರು ಮೊದಲ ದಿನವೇ ಬರೆದು ಕೊಡುತ್ತಿದ್ದರು.

ಅವರ ಜೊತೆ ಇದ್ದಾಗ ಪದೇ ಪದೇ ಕೇಳಿದ ಮಾತು ಒಂದಿದೆ. ಸೋಫಾ ಬಂದಿರುತ್ತದೆ, ಪರದೆ ನೇತಾಡುತ್ತಿರುತ್ತದೆ. ಮನೆಯವರು ಅಡುಗೆಮನೆಯ ಕಡೆ ಕೈ ತೋರಿಸಿ, "ಈ ಗೋಡೆ ಒಡೆದುಬಿಟ್ರೆ ಹೇಗೆ?" ಅನ್ನುತ್ತಾರೆ. ಡೆಕೊರೇಟರ್ ಉತ್ತರ ಪ್ರತಿ ಸಲವೂ ಒಂದೇ: "ಅದು ನನ್ನ ಕೆಲಸ ಅಲ್ಲ, ನಾನು ಹೇಳಲೂಬಾರದು." ಅವರು ಮುಟ್ಟುತ್ತಿದ್ದುದು ಗೋಡೆಯ ಮೇಲ್ಮೈಯನ್ನು ಮಾತ್ರ. ಒಳಗೆ ತೊಲೆಯಿದೆಯಾ, ಪೈಪಿದೆಯಾ, ವೈರಿದೆಯಾ ಅನ್ನೋದು ಬೇರೆಯವರ ಕೆಲಸ. ಆ ಬೇರೆಯವರು ಯಾರು ಅಂತ ತಿಳಿಯಬೇಕು ಅನ್ನಿಸಿ ಓದಲು ಹೋದೆ.

ಕೋರ್ಸ್‌ನಲ್ಲಿ ಬಣ್ಣ, ಬಟ್ಟೆಯ ಪಾಠ ಬೇಗ ಮುಗಿಯಿತು. ಉಳಿದದ್ದೆಲ್ಲ ನಕ್ಷೆ, ಅಳತೆ, ನಿಯಮ. ಸಾಕಪ್ಪಾ ಅನ್ನಿಸುವ ಹೊತ್ತಿಗೆ ಒಬ್ಬ ಮೇಷ್ಟ್ರು ಬಾಸ್ಟನ್‌ನ ಕೊಕೊನಟ್ ಗ್ರೋವ್ ನೈಟ್‌ಕ್ಲಬ್‌ನ ನಕ್ಷೆಯನ್ನು ಗೋಡೆಗೆ ಹಾಕಿದರು. 1942ರ ನವೆಂಬರ್ 28ರ ರಾತ್ರಿ ಅಲ್ಲಿ ಬೆಂಕಿ ಬಿತ್ತು. 492 ಜನ ಸತ್ತರು. ಛಾವಣಿಗೆ ಬಟ್ಟೆ ಬಿಗಿದಿದ್ದರು. ಅಂದಕ್ಕೆ ಅಂತ ಕೃತಕ ತಾಳೆ ಮರಗಳನ್ನು ನಿಲ್ಲಿಸಿದ್ದರು. ಬೆಂಕಿ ಅವುಗಳ ಮೇಲೇ ಓಡಿತು. ಮುಂಬಾಗಿಲು ಗಿರಗಿರ ತಿರುಗುವ ಬಾಗಿಲು. ಎರಡೂ ಕಡೆಯಿಂದ ಜನ ನೂಕಿದಾಗ ಅದು ಸಿಕ್ಕಿಕೊಂಡಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವು ಒಳಮುಖವಾಗಿ ತೆರೆಯುವಂಥವು. ಒಳಮುಖದ ಬಾಗಿಲಿಗೆ ಜನ ಒತ್ತಿಕೊಂಡು ನಿಂತರೆ ಅದು ತೆರೆಯುವುದಾದರೂ ಹೇಗೆ? ತಿರುಗುವ ಬಾಗಿಲಿನ ಪಕ್ಕದಲ್ಲಿ ಹೊರಕ್ಕೆ ತೆರೆಯುವ ಮಾಮೂಲಿ ಬಾಗಿಲು ಇರಲೇಬೇಕು ಅನ್ನೋ ನಿಯಮ ಬಲವಾದದ್ದು ಆ ಬೆಂಕಿಯ ನಂತರ.

ಇಷ್ಟಾದರೂ 2003ರಲ್ಲಿ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ, ಸದ್ದು ತಡೆಯಲು ಗೋಡೆಗೆ ಅಂಟಿಸಿದ್ದ ಫೋಮ್‌ಗೆ ಪಟಾಕಿಯ ಕಿಡಿ ತಗುಲಿ 100 ಜನ ಹೋದರು. ಗೋಡೆಗೆ ಏನು ಅಂಟಿಸಬೇಕು ಅನ್ನೋದು ಅಂದದ ಪ್ರಶ್ನೆ ಅಂತಲೇ ನಾನು ಅಲ್ಲಿಯವರೆಗೆ ನಡೆದುಕೊಂಡು ಬಂದಿದ್ದೆ. ಈಗ ಹೋಟೆಲ್, ಆಸ್ಪತ್ರೆಯಂಥ ಕಡೆ ಒಂದು ಪರದೆ ಬಟ್ಟೆ ಆರಿಸಿದರೆ ಅದರ ಜೊತೆ ಬೆಂಕಿ ಪರೀಕ್ಷೆಯ ಕಾಗದ ಇದೆಯಾ ಅಂತ ಮೊದಲು ನೋಡುತ್ತೇನೆ. ಕೈಯಲ್ಲಿ ಮುಟ್ಟಿ ನೋಡೋದು ಆಮೇಲೆ.

ಡಿಸೈನರ್ ಆಫೀಸಿಗೆ ಸೇರಿದಾಗ ಕಂಡದ್ದು ಇನ್ನೊಂದು. ಅಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮನೆಗಳದ್ದೇ ಅಲ್ಲ. ಕ್ಲಿನಿಕ್, ಆಫೀಸು, ಶಾಲೆ. ಅಲ್ಲಿಗೆ ಯಾರು ಬರುತ್ತಾರೆ ಅಂತ ಹೇಳಲು ಆಗುವುದಿಲ್ಲ. ಸ್ಟೇಜಿಂಗ್‌ನ ಅಪರಿಚಿತ ಇಲ್ಲಿ ಮತ್ತೆ ಎದುರಾದ, ಆದರೆ ಈ ಸಲ ಅವನು ಗಾಲಿಕುರ್ಚಿಯಲ್ಲಿ ಬರಬಹುದು, ಕಣ್ಣು ಕಾಣದವನಿರಬಹುದು, ಹೊಗೆಯಲ್ಲಿ ಬಾಗಿಲು ಹುಡುಕುತ್ತಿರಬಹುದು. ಅಮೆರಿಕದ ನಿಯಮದ ಪ್ರಕಾರ ಗಾಲಿಕುರ್ಚಿ ತಿರುಗಲು 60 ಇಂಚು ಅಡ್ಡಗಲದ ಜಾಗ ಬೇಕು, ಬಾಗಿಲು ತೆರೆದಾಗ ನಡುವೆ ಕನಿಷ್ಠ 32 ಇಂಚು ಸಿಗಬೇಕು. ಟಾಯ್ಲೆಟ್‌ನ ನಕ್ಷೆಯಲ್ಲಿ ಮೊದಲು ಆ ವೃತ್ತವನ್ನು ಎಳೆದು, ಮಿಕ್ಕ ಜಾಗದಲ್ಲಿ ಸಿಂಕು, ಕಮೋಡು ಕೂರಿಸೋದು ರೂಢಿ.

ಮನೆಯ ಅಡುಗೆಮನೆಗೂ ಲೆಕ್ಕವಿದೆ. ಒಲೆ, ಸಿಂಕು, ಫ್ರಿಜ್ ಮೂರರ ನಡುವಿನ ಒಂದೊಂದು ದೂರ 4ರಿಂದ 9 ಅಡಿ, ಮೂರೂ ಕೂಡಿದರೆ 26 ಅಡಿ ಮೀರದ ಹಾಗೆ ನೋಡಿಕೊಳ್ಳುತ್ತೇವೆ. ಒಬ್ಬರೇ ಅಡುಗೆ ಮಾಡುವ ಕಡೆ ಓಡಾಡಲು 42 ಇಂಚು, ಇಬ್ಬರಿದ್ದರೆ 48. ಇದನ್ನು ಕುರುಡಾಗಿ ಪಾಲಿಸಬೇಕಿಲ್ಲ. ಆದರೆ ಯಾಕೆ ಮೀರಿದಿರಿ ಅಂತ ಕೇಳಿದರೆ ಉತ್ತರ ಇರಬೇಕು.

ನಕ್ಷೆಗಳ ರಾಶಿ ನೋಡಿ ನಾನು ದಂಗಾಗಿದ್ದೆ. ನೆಲದ ನಕ್ಷೆ, ದೀಪಗಳಿರುವ ಛಾವಣಿಯ ನಕ್ಷೆ, ಒಂದೊಂದು ಗೋಡೆಯ ಎದುರು ನೋಟ, ಯಾವ ಕೋಣೆಗೆ ಯಾವ ಟೈಲ್ಸ್, ಯಾವ ಪೇಂಟ್ ಅನ್ನೋ ಪಟ್ಟಿ, ಬಾಗಿಲುಗಳ ಪಟ್ಟಿ. ಸೈಟ್‌ಗೆ ಹೋದ ಮೇಲೆ ಇದೆಲ್ಲ ಯಾಕೆ ಅಂತ ತಿಳಿಯಿತು. ಮೇಸ್ತ್ರಿ ಚೆಂದದ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. "ಈ ಬಾಗಿಲು ಯಾವ ಕಡೆ ತೆಗೀಬೇಕು? ಸ್ವಿಚ್‌ಬೋರ್ಡ್ ಬಾಗಿಲ ಹಿಂದೆ ಹೋಗುತ್ತಲ್ಲ, ಸರಿಯಾ?" ಅನ್ನುತ್ತಾರೆ. ಕಾಗದದ ಮೇಲೆ ಉತ್ತರ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ, ಇಲ್ಲವೇ ಅವರಿಗೆ ತೋಚಿದ ಹಾಗೆ ಆಗುತ್ತದೆ.

ಹಾಗಂತ ಗೋಡೆ ಒಡೆಯುವ ಅಧಿಕಾರ ಡಿಸೈನರ್‌ಗೂ ಪೂರ್ತಿ ಇಲ್ಲ. ಭಾರ ಹೊತ್ತ ಗೋಡೆಯಾದರೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ, ಯಾವ ತೊಲೆ ಕೊಡಬೇಕು ಅಂತ ಬರೆದು ಸಹಿ ಮಾಡಬೇಕು. ನಾವು ಮಾಡೋದು ಆ ಗೋಡೆ ಹೋದರೆ ಏನೇನಾಗುತ್ತದೆ ಅಂತ ಮುಂಚೆಯೇ ಕಂಡು, ಎಂಜಿನಿಯರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರ ನಕ್ಷೆಯೂ ಒಂದಕ್ಕೊಂದು ಹೊಂದುವ ಹಾಗೆ ಮಾಡೋದು. ಕೆಲವು ಕಡೆ ಈ ವೃತ್ತಿಗೆ ಕಾನೂನಿನ ಬೇಲಿಯೂ ಇದೆ. ಅಮೆರಿಕದಲ್ಲಿ 1974ರಿಂದ ಎನ್‌ಸಿಐಡಿಕ್ಯೂ ಅನ್ನುವ ಪರೀಕ್ಷೆ ನಡೆಯುತ್ತಿದೆ. ಮೂರು ಭಾಗ. ಓದು, ಜೊತೆಗೆ ಕೆಲಸದ ಅನುಭವ, ಎರಡೂ ಇದ್ದರೆ ಮಾತ್ರ ಅದನ್ನು ಪೂರ್ತಿ ಮುಗಿಸಬಹುದು. ಅಲ್ಲಿನ ರಾಜ್ಯಗಳಲ್ಲಿ ಈ ವೃತ್ತಿಗೆ ಮೊದಲು ಕಾನೂನು ತಂದದ್ದು ಅಲಬಾಮಾ, 1982ರಲ್ಲಿ. ಸ್ಟೇಜಿಂಗ್‌ಗೂ ಡೆಕೊರೇಟಿಂಗ್‌ಗೂ ಸಣ್ಣಪುಟ್ಟ ಕೋರ್ಸ್, ಸರ್ಟಿಫಿಕೇಟ್ ಇವೆ. ಇಂಥ ಬೇಲಿ ಇಲ್ಲ.

ಮೂವರೂ ಒಂದೇ ಕೆಲಸದಲ್ಲಿ ಸೇರಿದರೆ ಸಾಲು ತಪ್ಪಬಾರದು. ನಮ್ಮ ಆಫೀಸಿನ ಒಂದು ಮನೆಗೆ ಮೊದಮೊದಲೇ ಡೆಕೊರೇಟರ್‌ರನ್ನೂ ಕರೆಸಿದ್ದರು. ಯಾಕಿಷ್ಟು ಬೇಗ ಅಂತ ನಮ್ಮಲ್ಲಿ ಕೆಲವರು ಗೊಣಗಿದರು. ಆಕೆ ನಕ್ಷೆ ನೋಡಿ, "ಸೋಫಾ ಗೋಡೆಗೆ ತಾಗಲ್ಲ, ಕೋಣೆ ನಡುವೆ ಬರತ್ತೆ. ಪಕ್ಕದ ದೀಪಕ್ಕೆ ಪ್ಲಗ್ ಎಲ್ಲಿ?" ಅಂದರು. ನೆಲಕ್ಕೆ ಟೈಲ್ಸ್ ಹಾಕುವ ಮೊದಲೇ ನೆಲದೊಳಗೆ ಪ್ಲಗ್ ಪಾಯಿಂಟ್ ಬಂತು. ಟೈಲ್ಸ್ ಆದ ಮೇಲೆ ಅದೇ ಪ್ರಶ್ನೆ ಬಂದಿದ್ದರೆ ನೆಲ ಅಗೆಯಬೇಕಿತ್ತು, ಇಲ್ಲವೇ ಆ ದೀಪದ ವೈರಿಗೆ ಜನ್ಮವಿಡೀ ಎಡವಬೇಕಿತ್ತು.

ಅದೇ ಮನೆಯವರು, "ನಾಲ್ಕೈದು ವರ್ಷಕ್ಕೆ ಮಾರಿಬಿಡ್ತೀವಿ, ಈಗಲೇ ಎಲ್ಲರಿಗೂ ಒಪ್ಪುವ ಬಣ್ಣ ಹಾಕಿಬಿಡಿ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕೊಳ್ಳುವವರು ಬರುವ ತನಕ ಇರೋದು ನೀವು. ನಿಮಗೆ ಬೇಕಾದ ಹಸಿರನ್ನು ಹಾಕಿಸಿಕೊಳ್ಳಿ, ಮಾರುವ ಹೊತ್ತಿಗೆ ಸ್ಟೇಜಿಂಗ್‌ನವರು ಬಂದು ಬಳಿಸುತ್ತಾರೆ, ಬಣ್ಣ ಬದಲಾಯಿಸೋದು ದೊಡ್ಡ ಮಾತಲ್ಲ ಅಂದೆ. ಹಾಲ್‌ಗೆ ತಿಳಿ ಬಣ್ಣ, ಓದುವ ಕೋಣೆಗೆ ಗಾಢ ಹಸಿರು ಅಂತ ಕೊನೆಗೆ ರಾಜಿಯಾಯಿತು.

ಈಗ ಯಾರಾದರೂ ಫೋನ್ ಮಾಡಿ "ಮನೆ ಒಳಗಡೆ ಸ್ವಲ್ಪ ಚೆಂದ ಮಾಡಿಸಬೇಕಿತ್ತು" ಅಂದರೆ ಬಜೆಟ್ ಕೇಳುವ ಮೊದಲು ಎರಡು ಮಾತು ಕೇಳುತ್ತೇನೆ. ಮನೆ ಮಾರೋದಕ್ಕಾ, ಇರೋದಕ್ಕಾ? ಗೋಡೆ, ಪೈಪು, ವೈರು ಏನಾದರೂ ಜಾಗ ಬದಲಾಯಿಸಬೇಕಾ? ಮಾರೋದಕ್ಕೆ ಅಂದರೆ ನನ್ನ ಹಳೇ ಮೇಡಂ ನಂಬರ್ ಕೊಡುತ್ತೇನೆ. ಇರೋದಕ್ಕೇ, ಏನೂ ಜಾಗ ಬದಲಾಗಬೇಕಿಲ್ಲ ಅಂದರೆ ಡೆಕೊರೇಟರ್ ನಂಬರ್. ಎಷ್ಟೋ ಜನಕ್ಕೆ ನನ್ನಿಂದ ಆಗಬೇಕಾದ ಕೆಲಸ ಅಲ್ಲಿಗೇ ಮುಗಿಯುತ್ತದೆ. ನಮ್ಮ ಆಫೀಸಿನವರಿಗೆ ಇದು ಅಷ್ಟೇನೂ ಇಷ್ಟವಿಲ್ಲ.